ಮರದ ಗಾಡಿಯ ಕಾಕಾ

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಡಮ್ ಡಮ್ಮಿನ ನಮ್ಮ ಹೌಸಿಂಗ್ ಕಾಲೊನಿಯಲ್ಲಿ ಪಂಪ್‌ಹೌಸಿನ ಪಕ್ಕಕ್ಕಿರುವ ತಗಡಿನ ಶೆಡ್ಡಿನೊಳಗೆ ಅವರ ಗಾಡಿ ಇನ್ನೂ ನಿಂತಿದೆ. ಬೆಳಿಗ್ಗೆ ಬಜಾರಿಗೆ ಹೋಗಬೇಕಾದರೆ ಅದರ ಪಕ್ಕದಲ್ಲೇ ಹಾದುಹೋಗಬೇಕು. ಮೇಲೆ ಹೊದೆಸಿದ ತಾಡಪಾಲಿನ ಅಂಚು ಗಾಳಿಗೆ ಎದ್ದಾಗ ಅಂಗೈಯಗಲ ಮರ ಕಾಣುತ್ತದೆ, ಜೇನಿನ ಬಣ್ಣದ್ದು. ಥಂಡಿಗೆ ಆ ಮರ ಉಬ್ಬಿಕೊಂಡು ಒಳಗೊಳಗೇ ಕಿರ್ರೆನ್ನುತ್ತದೆ. ಸೊಪ್ಪಿನ ಚೀಲ ಹಿಡಿದು ನಾನು ಒಂದು ಗಳಿಗೆ ನಿಲ್ಲುತ್ತೇನೆ. ಒಳಗೆ ಮಲಗಿದವರು ಯಾರೋ ಮಗ್ಗುಲು ಬದಲಿಸಿದ ಹಾಗಿರುತ್ತದೆ ಆ ಸದ್ದು. ಥಂಡಿ ಕುಡಿದ ಮರ ಹಾಗೇ ಮಾಡುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು. ಆದರೂ ನಿಲ್ಲುತ್ತೇನೆ.

ನಾವು ಮೈಸೂರು ಬಿಟ್ಟು ಇಲ್ಲಿಗೆ ಬಂದ ಹೊಸದು. ನಮ್ಮ ಯಜಮಾನರಿಗೆ ರೈಲ್ವೆ ಕೆಲಸ. ಸಿಯಾಲ್ದಾದ ಆಫೀಸಿಗೆ ಲೋಕಲ್ ಹಿಡಿದು ಹೋಗಿಬಿಟ್ಟರೆ ನಾನು, ಅತ್ತೆ, ಕೈಗೂಸು ಮೂವರೇ. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬಡಿದದ್ದೂ ವಿಚಿತ್ರ: ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಚೌಕಟ್ಟಿನ ಹತ್ತಿರ. ತೆಗೆದರೆ ಎತ್ತರದ ಮನುಷ್ಯರೊಬ್ಬರು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಅಂಗಿಯ ತೋಳಿನ ಮೇಲೆ ವಾರ್ನಿಷ್ ಕಲೆ.

"ಈ ಬಾಗಲಾ ಒಳಗ ಟೊಳ್ಳಾಗೇದ ನೋಡ್ರಿ. ಗೆದ್ಲ ಹಿಡದದ," ಅಂದರು, ಅಪ್ಪಟ ಧಾರವಾಡದ ಕನ್ನಡದಲ್ಲಿ.

ನಾನು ಬಾಗಿಲು ಪೂರ್ತಿ ತೆರೆದೆ. "ನಾವು ಕನ್ನಡದವರು ಅಂತ ಹೇಗೆ ಗೊತ್ತಾಯ್ತು?"

"ಇಂಗಿನ ವಾಸನಿ ಮೆಟ್ಲಾ ಇಳದು ನಮ್ಮನಿ ತನಕಾ ಬಂದದ. ಬಂಗಾಲ್ಯಾರು ಹಿಂತಾ ಒಗ್ಗರಣಿ ಕೊಡೂದಿಲ್ಲ."

ಹಿಂದೆಯೇ ಅವರ ಹೆಂಡತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನಾನು "ಬನ್ನಿ ಆಂಟಿ, ಕೂತ್ಕೊಳ್ಳಿ ಅಂಕಲ್" ಅಂದದ್ದೇ ತಪ್ಪಾಯಿತು. "ಅಂಕಲ್ ಅನಬ್ಯಾಡವಾ. ಬೀದ್ಯಾಗ ಹೋಗೋರೆಲ್ಲಾ ಅಂಕಲ್ಲೇ. ಅವರಿಗೆ ಕಾಕಾ ಅನ್ನು, ನನಗ ಕಾಕು ಅನ್ನು," ಎಂದು ಆಕೆ ಚಾಪೆಯ ಮೇಲೆ ಕೂತರು. ಅಂದಿನಿಂದ ಅವರು ನಮಗೆ ಕಾಕಾ. ಅವರ ಮನೆತನದ ಹೆಸರು, ಬ್ಯಾಂಕಿನ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಸೇರುತ್ತಿರಲಿಲ್ಲ.

ಆಫೀಸುಗಳೇ ತುಂಬಿದ ಬಿಬಿಡಿ ಬಾಗಿನ ಒಂದು ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದು ರಿಟೈರ್ ಆದವರು. ಪ್ರಮೋಷನ್ ಕೊಟ್ಟು ಊರ ಹತ್ತಿರಕ್ಕೇ ಕಳಿಸುತ್ತೇವೆ ಎಂದಾಗಲೂ ಬೇಡವೆಂದವರು. ಮಕ್ಕಳಿಲ್ಲ. "ನಮಗ ಒಂದ ಕೂಸು. ಅದಕ್ಕ ನಾಕು ಗಾಲಿ," ಎಂದು ಕಾಕು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ಅವರ ಅಭ್ಯಾಸ.

ಆ ಗಾಡಿಯನ್ನು ಮೊದಲ ಸಲ ನೋಡಿದಾಗ ನನ್ನ ಅತ್ತೆ, "ಇದೇನೇ, ಬೀರುವಿಗೆ ಚಕ್ರ ಹಾಕಿದಾರಲ್ಲ!" ಅಂದಿದ್ದರು. ಮುಂದಿನ ಭಾಗ ಹಳೆ ಕಾಲದ ಮೋಟಾರು ಕಾರಿನ ಕಬ್ಬಿಣದ ಮೂತಿ, ಎರಡು ದುಂಡು ದೀಪ. ಅಲ್ಲಿಂದ ಹಿಂದಕ್ಕೆ ಪೂರಾ ಮರ. ಬಾಗಿಲು ಮರ, ಕಿಟಕಿಯ ಚೌಕಟ್ಟು ಮರ, ಹಿಂದೆ ತೆರೆಯುವ ಎರಡು ಪಾಲಿನ ಕದವೂ ಮರ. ಮೇಲೆ ಕ್ಯಾನ್ವಾಸಿನ ಚಾವಣಿ. ನಮ್ಮ ಮನೆಯಲ್ಲಿ ಅದಕ್ಕೆ ಬೀರು ಎಂದೇ ಹೆಸರು ಬಿತ್ತು. ಪಾಡಾದ, ಅಂದರೆ ಓಣಿಯ, ಹುಡುಗರು ಕಾಠೇರ್ ಗಾಡಿ, ಕಟ್ಟಿಗೆಯ ಗಾಡಿ, ಎನ್ನುತ್ತಿದ್ದರು. ಅದು ಕಾಕಾ ಕಿವಿಗೆ ಹಿತ, ಬೀರು ಅಂದರೆ ಮಾತ್ರ ಸಿಟ್ಟು. "ಬೀರುದಾಗ ಸೀರಿ ಇಡ್ತಾರ ತಂಗೀ. ಇದರಾಗ ಮನಷ್ಯಾರು ಕೂಡ್ತಾರ."

ಅಮೆರಿಕದಿಂದ ಎರಡನೇ ಮಹಾಯುದ್ಧದ ಕಾಲಕ್ಕೆ ಬಂದಿಳಿದ ಗಾಡಿ, ಹಾಗಾಗಿ ಸ್ಟಿಯರಿಂಗು ಎಡಗಡೆ. ಮುಂದಿನ ಬಸ್ಸನ್ನು ದಾಟಬೇಕಾದರೆ ಎದುರಿಗೆ ಏನು ಬರುತ್ತಿದೆ ಎನ್ನುವುದು ಕಾಕಾಗೆ ಕಾಣುತ್ತಿರಲಿಲ್ಲ, ಬಲಗಡೆ ಕೂತ ಕಾಕುಗೆ ಕಾಣುತ್ತಿತ್ತು. ಕೈ ಹೊರಗೆ ಚಾಚಿ ಬಲಕ್ಕೆ ತಿರುಗುವ ಸನ್ನೆ ಮಾಡುವವರೂ ಆಕೆಯೇ. "ಟ್ರಾಮ್ ಬಂತು, ತಡೀರಿ. ಹಾಂ, ಈಗ ಹೋಗ್ರಿ. ಅಯ್ಯ, ಹೋಗ್ರಿ ಅಂದ್ರ ಹೋಗ್ಬೇಕು!" ಒಮ್ಮೆ ಇಬ್ಬರಿಗೂ ಜಗಳವಾಗಿ ಕಾಕು ಸೆರಗು ಹೊದ್ದು ಕೈ ಕಟ್ಟಿ ಕೂತುಬಿಟ್ಟರಂತೆ. ಶ್ಯಾಮ್‌ಬಜಾರಿನ ಐದು ದಾರಿಯ ನಡುವೆ ಗಾಡಿ ನಿಂತು, ಕಾಕಾ ತಪ್ಪಾಯಿತು ಎನ್ನುವ ತನಕ ಅಲ್ಲಾಡಲಿಲ್ಲ. ಪೊಲೀಸಿನವನು ಕಾಕುವನ್ನೇ ಡ್ರೈವರ್ ಎಂದುಕೊಂಡು ಬೈದನಂತೆ.

ವಿಶ್ವಕರ್ಮ ಪೂಜೆಯ ದಿನ ಇಲ್ಲಿನ ಮೆಕ್ಯಾನಿಕ್ಕುಗಳ ಜೊತೆ ಗಾಡಿಗೆ ಒಂದು ಪೂಜೆ, ಮತ್ತೆ ನವಮಿಯಂದು ನಮ್ಮ ಆಯುಧಪೂಜೆ. "ಎರಡೂ ಕಡೆ ಉಣ್ತದ, ಪುಣ್ಯಾದ ಗಾಡಿ," ಎನ್ನುತ್ತಿದ್ದರು. ಊರೆಲ್ಲ ಪೆಂಡಾಲು ನೋಡಲು ಹೊರಟಿದ್ದರೆ ಇವರು ಬನಿಯನ್ ಹಾಕಿಕೊಂಡು ಮರಕ್ಕೆ ಎಣ್ಣೆ ತೀಡುತ್ತ ಕೂತಿರುತ್ತಿದ್ದರು. ಯಾವ ಮರ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ನಮ್ಮ ಊಟದ ಮೇಜು, ಅತ್ತೆಯ ಮಂಚ, ಮಗಳ ಕ್ರಿಕೆಟ್ ಬ್ಯಾಟು ಎಲ್ಲವೂ ತಟ್ಟಿಸಿಕೊಂಡಿವೆ.

ಗಾಡಿ ಸಿಕ್ಕಿದ್ದು ಬರಾಕ್‌ಪುರದ ಕಡೆ, ಗಂಗೆಯ ದಡದ ಒಂದು ಹಳೇ ಬಂಗಲೆಯಲ್ಲಿ. ಬ್ಯಾಂಕಿನ ಕೆಲಸದ ಮೇಲೆ ಹೋದವರು ಹಿತ್ತಿಲಿನ ಶೆಡ್ಡಿಗೆ ಇಣುಕಿದರಂತೆ. ಒಳಗೆ ಗಾಡಿ, ಗಾಡಿಯೊಳಗೆ ಆಡುಗಳು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ್ದನ್ನೆಲ್ಲ ಡಿಸ್ಪೋಸಲ್ ಹರಾಜಿನಲ್ಲಿ ಮಾರಿದಾಗ ತನ್ನ ತಂದೆ ಕೊಂಡದ್ದು, ಬೇಕಾದರೆ ಒಯ್ಯಿರಿ ಎಂದನಂತೆ ಬಂಗಲೆಯವನು. "ಆಡಿನ ಹಿಕ್ಕಿ ಬಳದು ಬಳದು ನನ್ನ ಸ್ವಂಟಾ ಹೋತು," ಇದು ಕಾಕು ಹೇಳುವ ಪೂರ್ವೇತಿಹಾಸ. ಬಂಗಲೆಯವರು ಬಳಿಸಿದ್ದ ನೀಲಿ ಬಣ್ಣ ಕೆರೆದರೆ ಕೆಳಗೆ ಬಿಳಿ, ಅದನ್ನು ಕೆರೆದರೆ ಮಿಲಿಟರಿಯ ಮಂಕು ಹಸಿರು. ಹುಳ ತಿಂದ ಮರವನ್ನೆಲ್ಲ ತೆಗೆದು ಬರ್ಮಾ ತೇಗ ಕೂಡಿಸಿದರು. ಬ್ಯಾಂಕಿನಿಂದ ಬಂದು, ಚಹಾ ಕುಡಿದು, ಎಷ್ಟೋ ವರ್ಷಗಳ ಸಂಜೆಗಳನ್ನು ಅದಕ್ಕೇ ಹಾಕಿದರು.

ಹಿಂದಿನ ನೆಲದಲ್ಲಿ ಒಂದೇ ಒಂದು ಅಗಲವಾದ ಹಲಗೆಯನ್ನು ಮಾತ್ರ ಬದಲಾಯಿಸಲಿಲ್ಲ. ಬೇರೆ ಹಲಗೆಗಳೆಲ್ಲ ಹೊಳೆಯುತ್ತಿದ್ದರೆ ಇದು ಮಾಸಲು, ನಡುವೆ ಕಪ್ಪಗಿನ ಒಂದು ಕಲೆ. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ಬಜಾರಿನಿಂದ ತಂದ ಕುಂಬಳಕಾಯಿಯನ್ನೂ ಇಡುವಂತಿರಲಿಲ್ಲ, ತೊಡೆಯ ಮೇಲೇ ಇಟ್ಟುಕೊಳ್ಳಬೇಕು.

ಮಕ್ಕಳಿಗೆ ಗಾಡಿಯ ಹಿಂಭಾಗವೇ ಸ್ವರ್ಗ ತಾನೇ? ನನ್ನ ಮಗಳು ಆಗ ಇನ್ನೂ ಚಿಕ್ಕವಳು. ಸೀಟಿನ ಬೆನ್ನು ಹತ್ತಿ ಅತ್ತ ಜಿಗಿಯಲು ಹೋದಾಗ ಕಾಕಾ ಮೆಲ್ಲಗೆ ಅವಳ ಫ್ರಾಕು ಹಿಡಿದೆಳೆದರು.

"ಉಧರ್ ಕೌನ್ ಬೈಠತಾ ಹೈ ಕಾಕಾ?" ಅಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದಳು; ಅವಳಿಗೆ ಕನ್ನಡ ಕಿವಿಗೆ ಮಾತ್ರ, ನಾಲಿಗೆಗೆ ಹಿಂದಿ.

"ಒಬ್ಬಾಂವ ಇದ್ದಾನ ಕೂಸ. ತಾ ಇಳಿಯೂ ಸ್ಟಾಪ್ ಮರ್ತಾನ."

ಮಗಳು ಅದನ್ನು ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಳು. ನಮ್ಮ ಕಾಕಾ ಗಾಡಿಯಲ್ಲಿ ಸ್ಟಾಪು ಮರೆತ ಅಂಕಲ್ ಒಬ್ಬರಿದ್ದಾರೆ ಎಂದು. ನಾನು ನಕ್ಕೆ. ಕಾಕು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಗಾಡಿ ಹೊರಡುತ್ತಿತ್ತು. ಕೆಲವು ಸಲ ನಾವೂ ಹೋಗುತ್ತಿದ್ದೆವು. ಗೊತ್ತಾದ ದಾರಿಯಿಲ್ಲ. ಒಮ್ಮೆ ಏರ್‌ಪೋರ್ಟಿನ ಬೇಲಿಯ ಪಕ್ಕ, ಒಮ್ಮೆ ಸಿಯಾಲ್ದಾದ ಹಿಂದಿನ ಹಳೇ ದವಾಖಾನೆಯೊಂದರ ಗೇಟು, ಒಮ್ಮೆ ಜನವಿಲ್ಲದ ಬಿಬಿಡಿ ಬಾಗಿನ ಕೆರೆಯ ಎದುರು. ಎಲ್ಲಾದರೂ ನಿಲ್ಲಿಸಿ ಕಾಕಾ ಇಳಿಯುವರು. ಸುತ್ತು ಹಾಕಿ ಹಿಂದಕ್ಕೆ ಹೋಗಿ ಮರದ ಕದ ಎರಡನ್ನೂ ತೆರೆಯುವರು. ಪಕ್ಕಕ್ಕೆ ಸರಿದು ನಿಂತು, "ಬಂತ್ರೀ," ಅನ್ನುವರು. ಲಗೇಜು ಇರುವ ಮನುಷ್ಯ ಇಳಿಯಲು ಬೇಕಾಗುವಷ್ಟು ಹೊತ್ತು ಕಾಯುವರು. ಆಮೇಲೆ ಕದ ಮುಚ್ಚಿ ಬಂದು ಕೂರುವರು. ಆ ಹೊತ್ತಿನಲ್ಲಿ ಕಾಕು ಮುಂದೆ ನೋಡುತ್ತ ಕೂತಿರುತ್ತಿದ್ದರು, ಒಮ್ಮೆಯೂ ತಿರುಗಿದ್ದಿಲ್ಲ. ನಾನೊಮ್ಮೆ ತಿರುಗಿದೆ. ತೆರೆದ ಕದದಾಚೆ ಬಿಸಿಲು, ಕೈಯನ್ನು ಅರೆ ಚಾಚಿ ನಿಂತ ಕಾಕಾ. ಯಾರಾದರೂ ಮುಗ್ಗರಿಸಿದರೆ ಹಿಡಿದುಕೊಳ್ಳಬೇಕೆಂಬ ಹಾಗೆ ಚಾಚಿದ್ದ ಆ ಕೈಯನ್ನು ಕಂಡು ನಾನೂ ಕಾಕುವಿನ ಹಾಗೆ ಮುಂದಕ್ಕೆ ತಿರುಗಿ ಕೂತೆ.

ಬಿಬಿಡಿ ಬಾಗಿನಲ್ಲಿ ಒಬ್ಬ ಪೊಲೀಸಿನವನು ಬಂದು ಏನು ಇಳಿಸುತ್ತಿದ್ದೀರಿ ಎಂದು ಕೇಳಿದ. ಏನಿಲ್ಲ ಎಂದರು ಕಾಕಾ. ಅವನು ಒಳಗೆ ಬಗ್ಗಿ ನೋಡಿದ, ಖಾಲಿ ನೆಲ. ಕಾಕಾ ಮುಖ ನೋಡಿದ. ಮತ್ತೇನೂ ಕೇಳದೆ ಹೊರಟುಹೋದ.

ಇದೆಲ್ಲ ಏನೆಂದು ನಾನಾಗಿ ಕೇಳಲಿಲ್ಲ. ಕಾಕು ಊರಿಗೆ ಹೋಗಿದ್ದ ಒಂದು ಸಲ, ಮಧ್ಯಾಹ್ನ ಉಪ್ಪಿಟ್ಟು ಕೊಡಲು ಶೆಡ್ಡಿಗೆ ಹೋಗಿದ್ದೆ. ಕಾಕಾ ಬಾಗಿಲಿಗೆ ವಾರ್ನಿಷ್ ಬಳಿಯುತ್ತಿದ್ದರು. ಬ್ರಶ್ಶು ನಿಲ್ಲಿಸದೆ ತಾವೇ ಶುರುಮಾಡಿದರು.

"ನಮ್ಮಪ್ಪ ಯುದ್ಧದಾಗ ಮಿಲಿಟರಿ ಡ್ರೈವರ ಇದ್ದ. ಎಲ್ಲೆ ಅಂತೀ? ಇಲ್ಲೇ, ಈ ಡಮ್ ಡಮ್ಮಿನಾಗ. ಬರ್ಮಾ ಕಡಿಂದ ಗಾಯ ಆದವರನ್ನ ವಿಮಾನದಾಗ ತಂದು ಇಳಸ್ತಿದ್ರಂತ. ಆಂಬುಲೆನ್ಸ ಸಾಲ್ತಿರಲಿಲ್ಲ, ಹಿಂತಾ ಗಾಡಿ ಹಿಂದ ಹಾಕ್ಕೊಂಡು ದವಾಖಾನಿಗೆ ಒಯ್ತಿದ್ದ."

"ಅವರೇ ಹೇಳಿದ್ರಾ?"

"ಅಂವ ಎಲ್ಲಿ ಹೇಳ್ತಾನ! ಮದವ್ಯಾದ ಹೊಸದಾಗ ನಮ್ಮವ್ವಗ ಒಂದೀಟು ಹೇಳಿದ್ದಂತ. ಆಮ್ಯಾಲೆ ಬಾಯಿ ಹೊಲಕೊಂಡ. ಊರಿಗೆ ಬಂದ ಮ್ಯಾಲೆ ಬಸ್ಸು ಓಡಿಸಿದ, ಲಾರಿ ಓಡಿಸಿದ. ಸಾಯೂ ಮುಂದ, ಹುಬ್ಬಳ್ಳಿ ದವಾಖಾನ್ಯಾಗ, ನನ್ನ ಕೈ ಹಿಡದು ಎರಡ ಮಾತು ಅಂದ. 'ನೀರ ಕೇಳಿದ' ಅಂದ. 'ಇಳಸ್ಲಿಲ್ಲ' ಅಂದ. ಯಾರಪ್ಪಾ, ಎಲ್ಲೆ ಅಂತ ಕೇಳಿದ್ರ ಗ್ವಾಡಿ ನೋಡಿದ. ಮುಗೀತು."

ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದರು.

"ಯಾರೋ ಒಬ್ಬಾಂವ ಹಿಂದ ಮಲಗಿದ್ದ. ಇಲ್ಲೇ ನಿಲ್ಸು, ನನ್ನ ಇಳಸು ಅಂದಾನ. ನಮ್ಮಪ್ಪ ಇಳಸ್ಲಿಲ್ಲ. ಎಲ್ಲೆ ಇಳೀಬೇಕಿತ್ತು ಅಂವಾ? ಅದು ಗೊತ್ತಾಗಬೇಕು ನನಗ."

"ಆದರೆ ಕಾಕಾ, ಇದೇ ಆ ಗಾಡಿ ಅಂತ ಹೇಗೆ?"

"ಇದಲ್ಲ ಅಂತ ಹೆಂಗ ಹೇಳ್ತೀ?"

ಅಂಥವು ಎಷ್ಟು ಬಂದಿದ್ದವೋ, ಎಷ್ಟು ಗುಜರಿಗೆ ಹೋದವೋ. ಕಾಕಾಗೂ ಅದು ತಿಳಿಯದ್ದೇನಲ್ಲ. ಡ್ರೈವರ್ ಸೀಟಿನ ಪಕ್ಕ ಅವರು ಯಾವಾಗಲೂ ಒಂದು ಹಿತ್ತಾಳೆಯ ತಂಬಿಗೆಯಲ್ಲಿ ನೀರು ಇಟ್ಟುಕೊಂಡಿರುತ್ತಿದ್ದರು. ರೇಡಿಯೇಟರಿಗಿರಬೇಕು ಎಂದುಕೊಂಡಿದ್ದೆ. ಅವತ್ತು ಅದನ್ನು ನೋಡಲಾಗದೆ ಉಪ್ಪಿಟ್ಟಿನ ತಟ್ಟೆ ಅಲ್ಲೇ ಇಟ್ಟು ಮೇಲೆ ಬಂದೆ.

ಚಳಿಗಾಲದಲ್ಲಿ ಹಳೇ ಗಾಡಿಗಳ ರ‍್ಯಾಲಿಯೊಂದು ನಡೆಯುತ್ತದೆ. ಒಂದು ವರ್ಷ ಕಾಕು ಹಟ ಹಿಡಿದು ಕಾಕಾ ಅವರನ್ನು ಹೊರಡಿಸಿದರು. ರೇಷ್ಮೆ ಸೀರೆ ಉಟ್ಟು ಬಲಗಡೆ ಕೂತು ಜನರಿಗೆಲ್ಲ ಕೈ ಬೀಸಿದರು. ಅದು ಟರ್ನಿಂಗ್ ಸಿಗ್ನಲ್ಲೆಂದು ಹಿಂದಿನ ಗಾಡಿಯವರು ಗಾಬರಿಯಾದರು. ಜಡ್ಜುಗಳು ಮರದ ಕೆಲಸ ನೋಡಿ ತಲೆದೂಗಿದರು. ಆಮೇಲೆ ಹಿಂದಿನ ಕದ ತೆರೆದು, ಈ ಒಂದು ಹಲಗೆಯನ್ನು ಯಾಕೆ ಹೀಗೇ ಬಿಟ್ಟಿದ್ದೀರಿ, ಇದನ್ನು ತೆಗೆದು ಹೊಸದು ಹಾಕಿದ್ದರೆ ಬಹುಮಾನದ ಕಪ್ಪು ನಿಮ್ಮದೇ ಆಗುತ್ತಿತ್ತಲ್ಲ ಎಂದರು. ಮುಂದಿನ ವರ್ಷ ಹಾಕಿಕೊಂಡು ಬನ್ನಿ ಎಂದೂ ಹೇಳಿದರು. ಕಾಕಾ ಹಲ್ಲು ಕಾಣಿಸದೆ ನಕ್ಕು ಕದ ಮುಚ್ಚಿದರು. ಮತ್ತೆ ಯಾವ ರ‍್ಯಾಲಿಗೂ ಹೋಗಲಿಲ್ಲ.

"ಒಂದ ಹಲಗೀ ಸಲುವಾಗಿ ಕಪ್ಪು ಬಿಟ್ರು ನೋಡು ಮಗಳ," ಎಂದು ಕಾಕು ನನ್ನೆದುರು ಅಂದರೂ ಧ್ವನಿಯಲ್ಲಿ ದೂರಿರಲಿಲ್ಲ, ಹೆದರಿಕೆಯಿತ್ತು. "ನಾ ಏನ ಹೇಳ್ಲಿ? ದಿನಾ ರಾತ್ರಿ ಮಲಗೂ ಮುಂದ ಒಮ್ಮೆ ಶೆಡ್ಡಿಗೆ ಹೋಗಿ ಬರ್ತಾರ. ಥಂಡಿ ಆದ್ರ ಒಂದು ಚಾದರ ಒಯ್ತಾರ."

ವಯಸ್ಸಾಗುತ್ತಾ ಹೋದ ಹಾಗೆ ಭಾನುವಾರದ ನಿಲುಗಡೆಗಳು ಹೆಚ್ಚಾದವು. ಮೊದಲು ಒಂದು ಕಡೆ ನಿಲ್ಲುತ್ತಿದ್ದವರು ಈಗ ಕಂಡ ಕಂಡ ಗೇಟಿನ ಮುಂದೆಲ್ಲ ನಿಲ್ಲಿಸಿ ಕದ ತೆರೆಯುವರು. ಕಣ್ಣಿಗೆ ಪೊರೆ ಬರುತ್ತಿತ್ತು, ಲೈಸೆನ್ಸು ಮುಗಿಯುವುದರಲ್ಲಿತ್ತು. "ನಾ ಇರೂತನಕಾ ಇಳಸಬೇಕು ತಂಗೀ. ನಾ ಹೋದ ಮ್ಯಾಲೆ ಇವನ್ನ ಯಾರ ಕೇಳ್ತಾರ?" ಎಂದು ಒಮ್ಮೆ ಮೆಟ್ಟಿಲಲ್ಲಿ ನಿಂತು ಕೇಳಿದರು. ನಾನು ಅವರ ಕೈಯಿಂದ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಮನೆತನಕ ಬಿಟ್ಟುಬಂದೆ. ಬೇರೇನು ಮಾಡಲು ಬರುತ್ತಿತ್ತು?

ನಮ್ಮ ಅತ್ತೆ ತೀರಿಕೊಂಡದ್ದು ಅದೇ ವರ್ಷ. ಬಹಳ ದಿನ ಮಲಗಿದ್ದವರು. ಇನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಕಷ್ಟಪಡಿಸಬೇಡಿ ಎಂದು ಡಾಕ್ಟರೇ ಹೇಳಿದ್ದರು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಕಾಕಾ ಚಹಾ ಕುಡಿಯಲು ಬಂದರು. ಖಾಲಿಯಾದ ಮಂಚದ ಕಾಲನ್ನು ಅಭ್ಯಾಸದಂತೆ ಒಮ್ಮೆ ತಟ್ಟಿ ಕೂತರು.

"ಭಾಳ ತ್ರಾಸ ಆತೇನ ಅವರಿಗೆ?"

"ಇಲ್ಲ ಕಾಕಾ. ಬೆಳಿಗ್ಗೆ ಉಸಿರು ಏರುಪೇರಾಯ್ತು. ತಕ್ಷಣ ಇಳಿಸಿಬಿಟ್ವಿ. ಬಾಯಿಗೆ ನೀರು ಬಿಟ್ಟೆ, ಗುಟುಕು ಇಳೀತು, ಅಷ್ಟೇ. ಇಳಿಸದೇ ಹೋಗಿದ್ರೆ ನನಗೆ ಕಡೇತನಕ ಕೊರೀತಿತ್ತು."

ಕಾಕಾ ಎತ್ತಿದ್ದ ಚಹಾದ ಕಪ್ ತುಟಿಯ ಹತ್ತಿರ ನಿಂತಿತು. "ಏನಂದಿ?"

"ನೀರು ಬಿಟ್ಟೆ ಅಂದೆ."

"ಅದಲ್ಲ. ಅದಕ್ಕಿಂತಾ ಮದ್ಲ."

"ಇಳಿಸಿದ್ವಿ ಅಂದೆ. ಮಂಚದಿಂದ ಕೆಳಗೆ. ಜೀವ ಹೋಗೋವಾಗ ಮೇಲೆ ಇರಬಾರದಲ್ಲ, ನೆಲಕ್ಕೆ ಇಳಿಸಬೇಕಲ್ಲ. ನಿಮ್ಮ ಕಡೆ ಇಳಿಸಲ್ವಾ?"

ಅವರು ಕಪ್ಪನ್ನು ಬಸಿಯಲ್ಲಿ ಇಟ್ಟರು. ಬಗ್ಗಿ ನಮ್ಮ ರೆಡ್ ಆಕ್ಸೈಡಿನ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದರು.

"ಇಳಸ್ತಾರ," ಅಂದರು. ಧ್ವನಿ ಯಾರದೋ ಇದ್ದ ಹಾಗಿತ್ತು. "ನಮ್ಮಜ್ಜಿ ಅಂತಿದ್ಲು. ನಾ ಸಣ್ಣಾಂವ ಇದ್ದೆ. 'ನನ್ನ ಲಗೂನ ಇಳಸ್ರೋ' ಅಂತಿದ್ಲು. ನೋಡು ತಂಗೀ, ಎಷ್ಟು ಮಂದ ಬುದ್ಧಿ. ಅಪ್ಪ ಡ್ರೈವರ ಅಂದಕೂಡ್ಲೇ ಇಳಸೂದಂದ್ರ ಬರೇ ಗಾಡಿಯಿಂದ ಅಂದ್ಕೊಂಡೆ. ಸ್ಟಾಪ್ ಹುಡುಕಿದೆ, ಸ್ಟಾಪ್! ಊರೆಲ್ಲಾ ತಿರುಗಿದೆ ಅವನ್ನ ಹೊತಗೊಂಡು."

"ಕಾಕಾ..."

"ಅಂವಗ ಎಲ್ಲಿಗೂ ಹೋಗೂದಿರಲಿಲ್ಲ. ನೀರ ಕೇಳ್ಯಾನ. ಪ್ರಾಣ ಹೋಗಲಿಕ್ಕೆ ಹತ್ತೇದ. ಗಾಡಿ ನಿಲ್ಲಿಸಿ ರಸ್ತಾದ ಮಗ್ಗಲಿಗೆ ಮಣ್ಣಾಗ ಇಳಸಿ ಒಂದು ಹನಿ ನೀರ ಬಿಡಬೇಕಿತ್ತು, ಅಷ್ಟ. ನಮ್ಮಪ್ಪ ಬದುಕಿಸೂಣು ಅಂತ ಗಾಡಿ ಓಡಿಸಿದ. ಹಲಗೀ ಮ್ಯಾಲೇ ಹೋತು ಜೀವಾ."

ಚಹಾ ಹಾಗೇ ಉಳಿಯಿತು. ಅವರು ಮೆಟ್ಟಿಲಿಳಿದು ಹೋಗುವಾಗ ಗೋಡೆ ಹಿಡಿದುಕೊಂಡು ಹೋದರು. ನಾನಾಡಿದ್ದು ದಿನಬಳಕೆಯ ಒಂದು ಮಾತು. ಅದು ಹೋಗಿ ತಾಗಬಾರದ ಕಡೆ ತಾಗಿತೋ, ತಾಗಬೇಕಾದ ಕಡೆಯೇ ತಾಗಿತೋ ತಿಳಿಯದೆ ಅವತ್ತು ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು.

ಮಾರನೆಯ ಬೆಳಿಗ್ಗೆ ಕಾಕು ಕೆಳಗಿನಿಂದ ಕರೆದರು. ಹೋದರೆ ಕಾಕಾ ಹಿಂದಿನ ಕದ ತೆಗೆದು ಆ ಹಲಗೆಯ ಸ್ಕ್ರೂಗಳನ್ನು ಬಿಚ್ಚುತ್ತಿದ್ದರು. ಹಿತ್ತಾಳೆ ಸ್ಕ್ರೂ, ತಾವೇ ಕೂಡಿಸಿದ್ದು, ಕಚ್ಚಿಕೊಂಡಿತ್ತು. ಗೇಟು ಕಾಯುವ ದರವಾನನೂ ಅವರೂ ಸೇರಿ ಹಲಗೆಯನ್ನು ಎತ್ತಿದರು. ಒಂದು ತುದಿ ಹಿಡಿದು ಕಾಕಾ ನಡೆದ ರೀತಿ ನೋಡಿ ಇನ್ನೊಂದು ತುದಿಯಲ್ಲಿದ್ದ ದರವಾನನೂ ಬೀಡಿ ಎಸೆದು ಗಂಭೀರನಾದ. ಪಂಪ್‌ಹೌಸಿನ ಆಚೆ ಪಾರಿಜಾತದ ಗಿಡವಿದೆ, ಇಲ್ಲಿಯವರು ಶಿಉಲಿ ಎನ್ನುತ್ತಾರೆ. ಅದರ ಬುಡದಲ್ಲಿ ಸಿಮೆಂಟು ಹಾಕದೆ ಉಳಿದ ಒಂದಿಷ್ಟು ಮಣ್ಣು. ಅಲ್ಲಿ ಹಲಗೆಯನ್ನು ಇಳಿಸಿದರು.

ಕಾಕು ಪ್ಲಾಸ್ಟಿಕ್ ಬಾಟಲಿಯಲ್ಲಿ ಗಂಗೆಯ ನೀರು ತಂದಿದ್ದರು. ಕಾಕಾ ಮಂಡಿಯೂರಲು ಆಗದೆ ಕೂತೇಬಿಟ್ಟರು.

"ಏನಂತ ಹೇಳ್ಲಿ ನಾ? ಯಾವ ಮತದಾಂವನೋ, ಯಾವ ದೇಶದಾಂವನೋ. ಹೆಸರ ಗೊತ್ತಿಲ್ಲ."

"ನೀರಿಗೆ ಹೆಸರ ಯಾಕ ಬೇಕ್ರಿ? ಹಾಕ್ರಿ," ಅಂದರು ಕಾಕು.

ಕಲೆಯಿದ್ದ ಕಡೆ ಅವರು ನೀರು ಬಿಟ್ಟರು. ಒಣಗಿದ ಮರ, ಬಿಟ್ಟ ನೀರನ್ನೆಲ್ಲ ಎಳೆದುಕೊಂಡಿತು. ಇನ್ನಷ್ಟು ಬಿಟ್ಟರು, ಅದನ್ನೂ ಎಳೆದುಕೊಂಡಿತು. ಬಾಟಲಿ ಮುಗಿಯುವ ತನಕ ಹಾಗೇ ಆಯಿತು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಹಲಗೆಯನ್ನು ಮತ್ತೆ ಗಾಡಿಗೆ ಹಾಕಲಿಲ್ಲ, ಹೊಸದನ್ನೂ ಕೂಡಿಸಲಿಲ್ಲ. ಗಾಡಿಯ ಹಿಂದಿನ ನೆಲದಲ್ಲಿ ಉದ್ದಕ್ಕೆ ಬಾಯಿಬಿಟ್ಟ ಹಾಗೆ ಖಾಲಿ ಉಳಿಯಿತು. ಬಗ್ಗಿ ನೋಡಿದರೆ ಶೆಡ್ಡಿನ ನೆಲವೇ ಕಾಣುತ್ತಿತ್ತು. ಭಾನುವಾರಗಳು ನಿಂತವು. ಕಾಕಾ ಹಗುರಾಗುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಯಾವ ಮರವನ್ನೂ ತಟ್ಟುತ್ತಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಒಂದು ಸಂಜೆ ಕೇಳಿಯೇಬಿಟ್ಟೆ. "ಇಳಿದ್ರಾ ಅವರು, ಕಾಕಾ?"

"ಇಳದಿರಬೇಕು. ಹಿಂದ ಯಾರೂ ಇಲ್ಲ ಅನಸ್ತದ." ಶೆಡ್ಡಿನೊಳಗೆ ತಿರುಗಿ ನೋಡಿ ಸಣ್ಣ ಧ್ವನಿಯಲ್ಲಿ ಅಂದರು, "ಅದ ಕೆಟ್ಟನಸ್ತದ ತಂಗೀ. ಇಷ್ಟ ವರ್ಷ ಒಬ್ಬಾಂವ ಜೋಡಿ ಇದ್ದ."

ಕಳೆದ ಬೇಸಿಗೆಯ ಕೊನೆಗೆ ಕಾಕಾಗೆ ಎದೆಯಲ್ಲಿ ನೀರು ತುಂಬಿಕೊಂಡಿತು. ನರ್ಸಿಂಗ್ ಹೋಮಿನ ಒಳಕೋಣೆಯಲ್ಲಿ, ಎರಡೂ ಕಡೆ ಕಂಬಿಯಿರುವ ಎತ್ತರದ ಮಂಚ, ಮೈತುಂಬ ನಳಿಕೆ. ಕಾಕು ಗಾಜಿನ ಈಚೆಯಿಂದ ಅವರ ಮುಖ ನೋಡುತ್ತಿರಲಿಲ್ಲ, ಮಂಚದ ಕಾಲು ನೋಡುತ್ತಿದ್ದರು. "ಎಷ್ಟ ಎತ್ತರ ಅದ ನೋಡು ಮಗಳ," ಎಂದು ಮತ್ತೆ ಮತ್ತೆ ಅಂದರು. ಇಳಿಸಿ ಎಂದು ಕೇಳಲು ಬಾಯಿಲ್ಲ, ಕೇಳಿದರೂ ಯಾರು ತಾನೇ ಅಷ್ಟು ಯಂತ್ರಗಳನ್ನು ಬಿಚ್ಚಿ ಕೆಳಗಿಡುತ್ತಾರೆ? ಡಾಕ್ಟರುಗಳು ತಮ್ಮ ಕೈಲಾದದ್ದನ್ನು ಮಾಡುತ್ತಿದ್ದರು. ಮೂರನೆಯ ದಿನ ನಾವು ಚಹಾ ಕುಡಿಯಲು ಹೋಗಿದ್ದಾಗ ಕಾಕಾ ಹೋದರು. ಮೇಲೆಯೇ.

ಕಾಕು ಅಳಲಿಲ್ಲ. ಕಾಕಾರ ತಮ್ಮನ ಮಗ ಹೈದರಾಬಾದಿನಿಂದ ಬಂದಿದ್ದ; ಅವನೂ ನಮ್ಮ ಯಜಮಾನರೂ ಓಡಾಡಿ ಕಾಗದ ಮಾಡಿಸಿದರು. "ಅವರ ಗಾಡ್ಯಾಗ ಒಯ್ಯೂಣು," ಅಂದರು ಕಾಕು. ಆ ಗಾಡಿಗೆ ನೆಲವಿಲ್ಲ ಎಂದು ನಾನು ನೆನಪಿಸಬೇಕಾಯಿತು. ಆಕೆ ತಲೆಯಾಡಿಸಿದರು. ಹಾಗಾಗಿ ಗಾಜಿನ ವ್ಯಾನು ಬಂತು, ಬಿಳಿಯದು, ಒಳಗೆ ಸ್ಟೀಲಿನ ತಟ್ಟೆ. ಹೌಸಿಂಗ್ ಮುಂದೆ ನಿಲ್ಲಿಸಿ ಹೂವು ಹಾಕಲು ಬಿಟ್ಟು, ಅಲ್ಲಿಂದಲೇ ಸ್ಮಶಾನದ ಘಾಟಿಗೆ ಹೊರಡುವುದೆಂದು ಮಾತಾಗಿತ್ತು. ಗಲ್ಲಿ ಚಿಕ್ಕದು, ಹಿಂದೆ ಆಟೋಗಳು ಹಾರನ್ ಹೊಡೆಯುತ್ತಿದ್ದವು. ಎಲ್ಲರೂ ಗಾಜಿನ ಮೇಲೆಯೇ ಹಾರವಿಟ್ಟು ಕೈ ಮುಗಿದರು. ಡ್ರೈವರು, ಗುಟ್ಕಾ ಜಗಿಯುವ ಎಳೆಯ ಪ್ರಾಯದವನು, ವ್ಯಾನಿನ ಬಾಗಿಲಿಗೆ ಕೈ ಹಾಕಿದ.

ಕಾಕು ನನ್ನ ಮುಂಗೈ ಹಿಡಿದುಕೊಂಡರು. ಬಳೆ ಒತ್ತಿ ನೋವಾಗುವಷ್ಟು. "ಮಗಳ, ಇಳಸಬೇಕು. ಹಿಂಗ ಕಳಸಬ್ಯಾಡ. ಅವರಿಗೆ ಹೇಳು."

ಗಂಡಸರು ಆಚೆ ಮಾತಾಡುತ್ತಿದ್ದರು. ನಾನೇ ಡ್ರೈವರ ಹತ್ತಿರ ಹೋದೆ. ನನ್ನ ಬಂಗಾಳಿ ಬಸ್ಸು, ಬಜಾರುಗಳಲ್ಲಿ ಕಲಿತದ್ದು. 'ಇಳಿಸಿ' ಎನ್ನುವುದಕ್ಕೆ ಅವರಲ್ಲಿ ನಾಮಾಬೇನ್ ಎನ್ನಬೇಕು. 'ಇಳಿಯುತ್ತಾರೆ' ಎನ್ನುವುದಕ್ಕೆ ನಾಮ್‌ಬೇನ್. ನಡುವೆ ಒಂದು ದೀರ್ಘ ಮಾತ್ರ. ಆ ಹೊತ್ತಿನಲ್ಲಿ ನನ್ನ ನಾಲಿಗೆಗೆ ಬಂದದ್ದು ಬಸ್ಸಿನಲ್ಲಿ ದಿನಾ ಕೇಳುವ ಮಾತೇ.

"ದಾದಾ, ಉನಿ ನಾಮ್‌ಬೇನ್," ಅಂದೆ. ಇವರು ಇಳಿಯುತ್ತಾರೆ.

ಆಡಿದ ಮೇಲೆ ತಪ್ಪು ತಿಳಿಯಿತು. ತಿದ್ದಿಕೊಳ್ಳುವಷ್ಟರಲ್ಲಿ ಅವನು ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಗಾಜಿನೊಳಗೆ ಮಲಗಿದ್ದ ಕಾಕಾರನ್ನು ನೋಡಿದ. ನಗಲಿಲ್ಲ.

"ಕೋಥಾಯ್ ನಾಮ್‌ಬೇನ್?" ಎಲ್ಲಿ ಇಳಿಯುತ್ತಾರೆ, ಎಂದು ಕೇಳಿದ.

ಕಾಕು ಬೆರಳು ಚಾಚಿ ಗೇಟಿನ ಒಳಗೆ ಗಿಡದ ಬುಡದ ಮಣ್ಣನ್ನು ತೋರಿಸಿದರು. "ಇಲ್ಲೆ," ಅಂದರು, ಧಾರವಾಡದ ಕನ್ನಡದಲ್ಲೇ.

ಅವನಿಗೆ ಅರ್ಥವಾಯಿತು. ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದು, ಹಿಂದೆ ನಿಂತಿದ್ದ ಹೆಲ್ಪರಿಗೆ ಕೇಳುವ ಹಾಗೆ, ಅಜ್ಜ ಇಲ್ಲೇ ಇಳಿಯುತ್ತಾರೆ ಎಂದು ಕೂಗಿದ:

"ದಾದು ಏಖಾನೇ ನಾಮ್‌ಬೇನ್!"

ಮತ್ತೆ, ಬಸ್ಸು ನಿಲ್ಲಿಸುವ ಕಂಡಕ್ಟರನ ಹಾಗೆ, ವ್ಯಾನಿನ ತಗಡನ್ನು ಅಂಗೈಯಿಂದ ಎರಡು ಸಲ ಬಡಿದ.